ಲಡಾಖಿನ ಹಣ್ಣೋ, ಹಿಮಾಲಯದ ಬೇರೋ?

ದೇಹದ ಕೋಶಗಳನ್ನು ಹಾನಿಯಿಂದ ಕಾಯುವ ಉತ್ಕರ್ಷಣ ನಿರೋಧಕಗಳಿಗಾಗಿ (ಆಂಟಿಆಕ್ಸಿಡೆಂಟ್) ಲಡಾಖಿನ ಮುಳ್ಳುಪೊದೆಯ ಹಣ್ಣಾದ ಸೀಬಕ್‌ಥಾರ್ನ್ ರಸ ಕೊಳ್ಳಬೇಕೋ ಹಿಮಾಲಯದ ಮುಳ್ಳುಪೊದೆಯಾದ ಮರದರಿಶಿನದ (ಬರ್ಬೆರಿಸ್) ಬೇರಿನ ಪುಡಿಯೋ ಎಂದು ಕೇಳುವವರು ಮೊದಲು ಬಳಕೆಯ ಉದ್ದೇಶವನ್ನು ನಿಶ್ಚಯಿಸಿಕೊಳ್ಳಬೇಕು. ಸೀಬಕ್‌ಥಾರ್ನ್ ಹಣ್ಣಿನಲ್ಲಿ ಸಿ ಜೀವಸತ್ವ, ಕ್ಯಾರೊಟಿನಾಯ್ಡ್ ಎಂಬ ಹಳದಿ-ಕಿತ್ತಳೆ ವರ್ಣದ್ರವ್ಯ ಮತ್ತು ಫ್ಲೇವನಾಯ್ಡ್ ಎಂಬ ಸಸ್ಯಸಂಯುಕ್ತ‌ಗಳು ಒಟ್ಟಿಗೇ ಇರುವುದರಿಂದ ಅದು ಆಹಾರವಾಗಿ ಒಗ್ಗುತ್ತದೆ. ಆದರೆ ಕಾಯಿಸಿದರೆ ಅಥವಾ ಬಹುಕಾಲ ತೆರೆದಿಟ್ಟರೆ ಸಿ ಜೀವಸತ್ವ ಕುಗ್ಗುತ್ತದೆ. ಕ್ಯಾರೊಟಿನಾಯ್ಡ್‌ಗಳೇ ಮುಖ್ಯವೆನ್ನುವವರಿಗೆ ತಿರುಳಿನ ಎಣ್ಣೆ ಹೆಚ್ಚು ಯೋಗ್ಯ. ಮರದರಿಶಿನದ ಒಣಬೇರನ್ನು ಕೂಡಿಡುವುದು ಸುಲಭವಾದರೂ ಅದರ ಮುಖ್ಯ ಸತ್ವವಾದ ಬರ್ಬೆರಿನ್ ಆಹಾರವಲ್ಲ, ಔಷಧಿ: ಗರ್ಭಿಣಿಯರಿಗೂ ಹಸುಗೂಸುಗಳಿಗೂ ಅದು ಸಲ್ಲದು, ಮಧುಮೇಹದ ಮಾತ್ರೆಗಳ ಜೊತೆ ಸೇವಿಸಿದರೆ ರಕ್ತದ ಸಕ್ಕರೆ ತೀರ ಇಳಿಯಬಹುದು. ವೈದ್ಯರು ಸೂಚಿಸಿದವರಿಗೆ ಮಾತ್ರ ಬೇರು ಸರಿ. ಪೊದೆಯ ಉಳಿವೂ ನನಗೆ ದೊಡ್ಡ ವಿಚಾರ. ಹಣ್ಣು ಕೊಯ್ದರೆ ಗಿಡ ಉಳಿಯುತ್ತದೆ, ಬೇರು ಅಗೆದರೆ ಗಿಡವೇ ಹೋಗುತ್ತದೆ, ಆದ್ದರಿಂದ ಬೇರನ್ನು ಕೊಳ್ಳಲೇಬೇಕಾದವರು ಕಾಡಿನದಲ್ಲದೆ ಬೆಳೆಸಿದ ಗಿಡದ್ದನ್ನೇ ಕೇಳಿ ಪಡೆಯಬೇಕು.