ಗಿರಣಿ ಎದುರಿನ ಖಾನಾವಳಿ: ಹೋಗುವ ಮುಂಚೆ ಇಷ್ಟು ಗೊತ್ತಿರಲಿ

ಇದಕ್ಕೆ ಹೆಸರಿಲ್ಲ. ಬೋರ್ಡೇನೋ ಇದೆ, ಅದರ ಮೇಲೆ 'ಲಿಂಗಾಯತ ಖಾನಾವಳಿ' ಅಂತಷ್ಟೇ ಬರೆದಿದೆ. ಧಾರವಾಡದಲ್ಲಿ ಇಂಥ ಬೋರ್ಡುಗಳಿಗೆ ಬರವಿಲ್ಲ. ಹಾಗಾಗಿ ಬೋರ್ಡು ಹುಡುಕಬೇಡಿ. ಮಾರ್ಕೆಟ್ ಹಿಂದಿನ ಓಣಿಗೆ ಹೋಗಿ ಹಿಟ್ಟಿನ ಗಿರಣಿ ಎಲ್ಲಿದೆ ಅಂತ ಕೇಳಿ. ಗಿರಣಿ ಎದುರು ಮೂರು ಮೆಟ್ಟಿಲು, ಹಸಿರು ಬಾಗಿಲು, ಒಳಗಿಂದ ಟಪ್ ಟಪ್ ಅಂತ ರೊಟ್ಟಿ ಬಡಿಯುವ ಸದ್ದು. ಅದೇ.

ನಾನು ಮಂಡ್ಯ ಕಡೆಯವಳು, ಮುದ್ದೆ ನುಂಗಿ ಬೆಳೆದವಳು. ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿ ಮೂರು ವರ್ಷವಾಯಿತು. ಗಂಡ, ಮಗ ಊರಲ್ಲೇ ಇದ್ದಾರೆ. ಒಬ್ಬಳಿಗೋಸ್ಕರ ಏನು ಅಡುಗೆ ಮಾಡೋದು ಅಂತ ಮಧ್ಯಾಹ್ನದ ಊಟ ಇಲ್ಲೇ. ಅಂದರೆ ಒಂದು ಸಲ ಹೋಗಿ ಫೋಟೋ ತೆಗೆದು ಬಂದು ಬರೆಯುತ್ತಿರುವುದಲ್ಲ ಇದು. ಐನೂರು ಊಟದ ಮೇಲೆ ಆಗಿರಬೇಕು.

ಖಾನಾವಳಿ ಅನ್ನುವುದು ಮರಾಠಿಯಿಂದ ಬಂದ ಮಾತು. 1956ಕ್ಕೆ ಮುಂಚೆ ಈ ಊರು ಮುಂಬೈ ಕಡೆಗೆ ಸೇರಿತ್ತಲ್ಲ, ಆ ಮಾತು ಇಲ್ಲೇ ಉಳಿದುಕೊಂಡಿದೆ. ನಮ್ಮ ಕಡೆ ಮೆಸ್ ಅನ್ನುತ್ತೇವೆ. ಬೋರ್ಡಿನ ಮೇಲೆ ಜಾತಿ ಹೆಸರು ನೋಡಿ ಮೊದಲ ದಿನ ನನಗೆ ಒಂಥರಾ ಆಗಿತ್ತು, ಒಳಗೆ ಹೋಗಬಹುದೋ ಬೇಡವೋ ಅಂತ. ಆಮೇಲೆ ತಿಳಿಯಿತು, ಅದೀಗ ಅಡುಗೆಯ ಗುರುತು. ಲಿಂಗಾಯತ ಖಾನಾವಳಿ ಅಂದರೆ ಜೋಳದ ರೊಟ್ಟಿ, ಪಲ್ಯ, ಸಸ್ಯಾಹಾರ. ಸಾವಜಿ ಅಂದರೆ ಮಾಂಸ, ಜೊತೆಗೆ ಮೂಗಲ್ಲಿ ಕಣ್ಣಲ್ಲಿ ನೀರು ಬರುವಷ್ಟು ಖಾರ. ಇಲ್ಲಿ ಯಾರ ಜಾತಿಯನ್ನೂ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. ಕೇಳಲು ಪುರುಸೊತ್ತೂ ಇಲ್ಲ ಅವರಿಗೆ.

ನಾಲ್ಕು ಟೇಬಲ್ಲು, ಹದಿನಾರು ಜನ. ಮನೆಯ ಮುಂದಿನ ಭಾಗವೇ ಖಾನಾವಳಿ, ಹಿಂದಿನ ಭಾಗದಲ್ಲಿ ಸಂಸಾರ. ಅಕ್ಕಾರು ಅಡುಗೆ ಮನೆಯಲ್ಲಿ, ಅವರ ಯಜಮಾನರು ಗಲ್ಲಾದಲ್ಲಿ. ನೀಡಲು ಒಬ್ಬ ಹುಡುಗ.

ಮೊನ್ನೆ ಬೆಂಗಳೂರಿನಿಂದ ಆಡಿಟ್‌ಗೆ ಬಂದವರೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಕೂತವರೇ ಕೇಳಿದರು, "ಮೆನು ಕೊಡಪ್ಪಾ."

ಹುಡುಗ ಅವರ ಮುಖ ನೋಡಿದ. "ಊಟ ಐತ್ರಿ."

"ಅದೇ, ಊಟದಲ್ಲಿ ಏನೇನಿದೆ?"

"ಎಲ್ಲಾ ಐತ್ರಿ."

ಆಡಿಟರು ನನ್ನ ಕಡೆ ತಿರುಗಿದರು. ನಾನು ಸುಮ್ನೆ ನೀರು ಕುಡಿದೆ. ಅಷ್ಟರಲ್ಲಿ ತಾಟು ಬಂದಾಗಿತ್ತು. ನಾನು ಹೇಳಬೇಕಾದದ್ದು ಹೆಚ್ಚು ಕಡಿಮೆ ಇಷ್ಟೇ ನೋಡಿ. ಇಲ್ಲಿ ನೀವು ಆರ್ಡರ್ ಮಾಡುವುದಿಲ್ಲ. ಆ ಮನೆಯಲ್ಲಿ ಅವತ್ತು ಏನು ಬೆಂದಿದೆಯೋ ಅದನ್ನು ಉಣ್ಣುತ್ತೀರಿ. ಬದನೆಕಾಯಿ ಸೇರುವುದಿಲ್ಲ ಅಂದರೆ ಮೊಸರು ಜಾಸ್ತಿ ಹಾಕುತ್ತಾರೆ, ಬೇರೆ ಪಲ್ಯ ಮಾಡಿಕೊಡುವುದಿಲ್ಲ. ಇದನ್ನು ಒಪ್ಪಿಕೊಂಡು ಹೋದರೆ ಮಿಕ್ಕಿದ್ದೆಲ್ಲ ಸಲೀಸು.

ಹೆಂಗಸರು ಒಬ್ಬೊಬ್ಬರೇ ಬಂದರೆ ಅಡುಗೆ ಮನೆ ಬಾಗಿಲ ಪಕ್ಕದ ಟೇಬಲ್ಲಿಗೆ ಕಳಿಸುತ್ತಾರೆ. ನನಗೆ ಮೊದಲು ಇದು ಇಷ್ಟವಾಗಿರಲಿಲ್ಲ, ಹೊಗೆ, ಸೆಕೆ. ಈಗ ಅದು ಬಿಟ್ಟು ಬೇರೆ ಕಡೆ ಕೂರುವುದಿಲ್ಲ. ಯಾಕೆಂದರೆ ಅಲ್ಲಿಂದ ರೊಟ್ಟಿ ಕಾಣುತ್ತದೆ.

ಪರಾತದಲ್ಲಿ ಜೋಳದ ಹಿಟ್ಟು, ನಡುವೆ ಗುಂಡಿ, ಆ ಗುಂಡಿಗೆ ಕುದಿಯುವ ಎಸರು. ಮೊದಲು ಸೌಟಿನಲ್ಲಿ ಕಲಸಿ ಒಂದು ನಿಮಿಷ ಬಿಡುತ್ತಾರೆ, ಆಮೇಲೆ ಕೈ. ಒಂದು ರೊಟ್ಟಿಗೆ ಬೇಕಾದಷ್ಟನ್ನೇ ಮುರಿದುಕೊಂಡು ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದುತ್ತಾರೆ. ಕೆಳಗೆ ಒಣ ಹಿಟ್ಟು ಉದುರಿಸಿ ಬಡಿಯಲು ಶುರು ಮಾಡಿದರೆ ರೊಟ್ಟಿ ತಾನಾಗೇ ತಿರುಗುತ್ತಾ ಅಗಲವಾಗುತ್ತದೆ. ಕೈ ಅದನ್ನು ಯಾವಾಗ ತಿರುಗಿಸಿತು ಅಂತ ನನಗೆ ಇವತ್ತಿಗೂ ಹಿಡಿಯಲು ಆಗಿಲ್ಲ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರುತ್ತಾರೆ. ನೀರು ಆರುತ್ತಿದ್ದ ಹಾಗೆ ತಿರುವಿ ಹಾಕಿ, ಕಡೆಗೆ ಬೆಂಕಿಗೆ ಒಡ್ಡಿದರೆ ಬುಸ್ ಅಂತ ಉಬ್ಬುತ್ತದೆ. ಉಬ್ಬಿದ ರೊಟ್ಟಿ ತಾಟಿಗೆ ಬಂದಾಗ ಬೆರಳು ಸುಡುತ್ತದೆ. ಮುರಿದರೆ ಒಳಗಿಂದ ಆವಿ.

ರೊಟ್ಟಿಗೆ ಕಾಯಬೇಕು. ಒಮ್ಮೊಮ್ಮೆ ಹತ್ತು ನಿಮಿಷ, ಜನ ಜಾಸ್ತಿ ಇದ್ದರೆ ಹದಿನೈದು. ನಮ್ಮ ಆಡಿಟರ ಎರಡನೇ ತಕರಾರು ಇದೇ ಆಗಿತ್ತು, "ಮೊದಲೇ ಮಾಡಿಡೋಕೆ ಏನಂತೆ ಇವರಿಗೆ?" ಮಾಡಿಡೋಕೆ ಆಗೋದಿಲ್ಲ. ಗೋಧಿಗೆ ಇರುವ ಅಂಟು ಜೋಳಕ್ಕಿಲ್ಲ. ಬಿಸಿ ನೀರಿನಿಂದ, ಕೈ ನಾದಿದ್ದರಿಂದಲೇ ಅದು ಕೂಡಿಕೊಳ್ಳಬೇಕು. ನಾದಿ ಸುಮ್ನೆ ಇಟ್ಟರೆ ಅಂಚು ಬಿರುಕು ಬಿಡುತ್ತದೆ. ಸುಟ್ಟು ಇಟ್ಟರೆ ಮೆತ್ತನೆಯದು ಬಿರುಸಾಗುತ್ತದೆ. ಹಿಟ್ಟು ಹಳೆಯದಾದರಂತೂ ಜಿಗಿ ಹೋಗಿ ಬಡಿಯುವಾಗಲೇ ಹರಿಯುತ್ತದೆ. ಅದಕ್ಕೇ ಎರಡು ದಿನಕ್ಕೊಮ್ಮೆ ಇವರ ಜೋಳ ಎದುರಿನ ಗಿರಣಿಗೆ ಹೋಗುತ್ತದೆ. ಬಿಜಾಪುರ ಕಡೆಯ ಮಾಲದಂಡಿ ಬಿಳಿಜೋಳ, ಹಿಂಗಾರಿ ಬೆಳೆ. 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿದಾಗ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಜೋಳದ ರೊಟ್ಟಿ ತಿಂದಿದ್ದೆ. ಬಿಲ್ಲು ಮಾತ್ರ ಬಿಸಿಯಾಗಿತ್ತು.

ತಾಟಿನ ವಿಷಯಕ್ಕೆ ಬರೋಣ. ಎರಡು ರೊಟ್ಟಿ, ಒಂದು ಕಾಯಿಪಲ್ಯ, ಒಂದು ಕಾಳು, ಶೇಂಗಾ ಹಿಂಡಿ, ಕೆಂಪು ಚಟ್ನಿ, ಮೊಸರು. ಒಂದು ಹಿಡಿ ಹಸಿ ತಪ್ಪಲು. ಮೆಂತ್ಯೆ, ಮೂಲಂಗಿ ಎಲ್ಲಾ ಕಾಲದಲ್ಲೂ ಇರುತ್ತದೆ, ಚಳಿಗಾಲದಲ್ಲಿ ಹಕ್ಕರಕಿ ಬರುತ್ತದೆ. ಅದನ್ನು ನಾನು ಇಲ್ಲಿಗೆ ಬರುವ ತನಕ ಕಂಡೇ ಇರಲಿಲ್ಲ. ಸ್ವಲ್ಪ ಕಹಿ, ರೊಟ್ಟಿಯ ಜೊತೆ ಮಾತ್ರ ಅದರ ರುಚಿ. ಹಿಂಡಿ ಅಂದರೆ ಚಟ್ನಿಪುಡಿ. ಅದನ್ನು ಒಣಪುಡಿಯಾಗೇ ತಿನ್ನಬೇಡಿ, ನಡುವೆ ಗುಂಡಿ ಮಾಡಿಕೊಂಡು ಎಣ್ಣೆ ಕೇಳಿ. ಮೊಸರು ಹಾಕಿಕೊಂಡರೂ ಆಯಿತು. ಕೆಂಪು ಚಟ್ನಿಗೆ ಇಲ್ಲಿ ರಂಜಕ ಅಂತಲೂ ಅನ್ನುತ್ತಾರೆ. ಮೊದಲ ಸಲ ಚಮಚದಲ್ಲಿ ತೆಗೆದುಕೊಂಡಿದ್ದೆ. ಬೆರಳ ತುದಿಯಲ್ಲಿ ತೆಗೆದುಕೊಳ್ಳಿ.

ಎಣ್ಣೆಗಾಯಿ ಬಗ್ಗೆ ಎಲ್ಲರೂ ಬರೆಯುತ್ತಾರೆ, ಚೆನ್ನಾಗಿದೆ, ಸಣ್ಣ ಬದನೆಕಾಯಿ, ಹೊಟ್ಟೆ ತುಂಬಾ ಶೇಂಗಾ, ಗುರೆಳ್ಳು. ಆದರೆ ನನ್ನ ಓಟು ಪುಂಡಿಪಲ್ಯಕ್ಕೆ, ಅಂದರೆ ಗೋಂಗುರ ಸೊಪ್ಪಿನ ಪಲ್ಯಕ್ಕೆ. ಹುಳಿ ಹುಳಿ, ಬೆಳ್ಳುಳ್ಳಿ ಒಗ್ಗರಣೆ, ಜೊತೆಗೆ ಸುಟ್ಟ ಬೆರಳು. ಮಂಗಳವಾರ ಬುಧವಾರ ಸಿಗುವ ಸಾಧ್ಯತೆ ಜಾಸ್ತಿ. ಗ್ಯಾರಂಟಿ ಕೊಡಲಾರೆ.

ಒಂದು ಮಾತು ಹೇಳದೆ ಹೋದರೆ ನಮ್ಮ ಕಡೆಯವರಿಗೆ ಮೋಸ ಮಾಡಿದ ಹಾಗೆ. ಎರಡನೇ ವಾರವೋ ಏನೋ, ಹುಡುಗ ಬಂದು "ಇವತ್ತ ಮುದ್ದಿಪಲ್ಯ ಐತ್ರಿ ಮೇಡಂ" ಅಂದ. ನನ್ನ ಕಿವಿಗೆ ಬಿದ್ದದ್ದು ಮೊದಲ ಎರಡಕ್ಷರ ಮಾತ್ರ. ಧಾರವಾಡದಲ್ಲಿ ಮುದ್ದೆ! ಬಾಯಲ್ಲಿ ನೀರು ಇಟ್ಟುಕೊಂಡು ಕಾದೆ. ಬಂದದ್ದು ಸೊಪ್ಪು, ಬೇಳೆ ಬೇಯಿಸಿ ಮಸೆದ ಗಟ್ಟಿ ಪಲ್ಯ. "ಮುದ್ದೆ ಎಲ್ಲಪ್ಪಾ?" ಅಂದೆ. ಅವನು ಪಲ್ಯದ ಕಡೆ ಕೈ ತೋರಿಸಿದ. ಒಳಗಿಂದ ಅಕ್ಕಾರು ಇಣುಕಿ ನೋಡಿ, ವಿಷಯ ತಿಳಿದು ಎಷ್ಟು ನಕ್ಕರು ಅಂದರೆ ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಅವತ್ತಿನ ತನಕ ನಾನು 'ಮೇಡಂ' ಆಗಿದ್ದೆ, ಮಾರನೇ ದಿನದಿಂದ 'ತಂಗಿ'. ಮುದ್ದಿಪಲ್ಯ ಒಳ್ಳೆಯದೇ, ಬೇಜಾರು ಮಾಡಿಕೊಳ್ಳಬೇಡಿ.

ಹೋಗುವ ಹೊತ್ತು ಮುಖ್ಯ. ಹನ್ನೆರಡೂವರೆಗೆ ಹೋದರೆ ರಾಜೋಪಚಾರ. ಒಂದು ಗಂಟೆಗೆ ಆಫೀಸಿನವರು ಬರುತ್ತಾರೆ. ಒಂದೂವರೆಗೆ ಸಪ್ತಾಪುರ ಕಡೆಯಿಂದ ಕೋಚಿಂಗ್ ಹುಡುಗರ ದಂಡು. ಕೆಎಎಸ್, ಪಿಎಸ್ಐ ಪರೀಕ್ಷೆಗೆ ಓದುವ ಹುಡುಗರು, ಒಬ್ಬೊಬ್ಬರೂ ಐದಾರು ರೊಟ್ಟಿ ತೆಗೆಯುತ್ತಾರೆ. ಅವರು ಎದ್ದ ಮೇಲೆ ಹೋದರೆ ಅನ್ನ ಸಾರು ಸಿಗುತ್ತದೆ, ರೊಟ್ಟಿಯ ಆಸೆ ಬಿಡಿ. ನಿಮ್ಮ ಟೇಬಲ್ಲಿಗೆ ಗುರುತಿಲ್ಲದವರು ಬಂದು ಕೂರುತ್ತಾರೆ, ಮುಖ ಸಿಂಡರಿಸಬೇಡಿ. ಊಟ ಆದ ಮೇಲೆ ಮಾತಾಡುತ್ತಾ ಕೂರಬೇಡಿ, ನಿಮ್ಮ ಬೆನ್ನ ಹಿಂದೆ ಒಬ್ಬ ಪಿಎಸ್ಐ ಆಗಬೇಕಾದವನು ಹಸಿದು ನಿಂತಿರುತ್ತಾನೆ. ಮತ್ತೆ, ರೊಟ್ಟಿ ತಾಟಿನಲ್ಲಿ ಬಿಡಬೇಡಿ. ಅರ್ಧ ಬೇಕು ಅಂದರೆ ಅರ್ಧ ಕೊಡುತ್ತಾರೆ. ಬಿಟ್ಟರೆ ಅಕ್ಕಾರು ಏನೂ ಅನ್ನುವುದಿಲ್ಲ, ತಾಟನ್ನು ನೋಡಿ ನಿಮ್ಮನ್ನು ನೋಡುತ್ತಾರೆ. ಅನ್ನಿಸಿಕೊಂಡಿದ್ದರೇ ವಾಸಿ ಅನಿಸುತ್ತದೆ.

ಊಟಕ್ಕೆ 100 ರೂಪಾಯಿ. ನಾನು ಬಂದಾಗ 80 ಇತ್ತು. ಮೇಲಿನ ರೊಟ್ಟಿಗೆ 15. ದುಡ್ಡು ಕೈಯಲ್ಲಿರಲಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದಲ್ಲಿ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸು ಬಂದವಲ್ಲ, ಆಗ ಇವರಿಗೆ ನೋಟಿಸು ಬರದಿದ್ದರೂ ಯಜಮಾನರು ಹೆದರಿ ಗಲ್ಲಾದ ಮುಂದಿನ ಕ್ಯೂಆರ್ ಕೋಡ್ ಕಿತ್ತು ಒಳಗಿಟ್ಟರು. ಈಗ ಮತ್ತೆ ಹೊರಗೆ ಬಂದಿದೆ, ಆದರೆ ಸ್ಕ್ಯಾನ್ ಮಾಡಲು ಹೋದರೆ "ಚಿಲ್ಲರೆ ಇಲ್ಲೇನ್ರಿ?" ಅಂತ ಕೇಳುತ್ತಾರೆ. ಬ್ಯಾಂಕಿನವಳಾಗಿ ನಾನು ಎಷ್ಟು ಸಲ ಕೂತು ವಿವರಿಸಿದ್ದೇನೋ. ತಲೆ ಆಡಿಸುತ್ತಾರೆ, ಮತ್ತೆ ಚಿಲ್ಲರೆ ಕೇಳುತ್ತಾರೆ. ದಿನಾ ಬರುವವರಿಗೆ ತಿಂಗಳ ಲೆಕ್ಕ ಇದೆ, ಉದ್ದನೆಯ ಪುಸ್ತಕದಲ್ಲಿ ಗೀಟು ಹಾಕುತ್ತಾರೆ. ನಾನು ಊರಿಗೆ ಹೋದ ದಿನ ಗೀಟು ಬಿದ್ದದ್ದು ಒಂದೇ ಒಂದು ಸಲ. ತೋರಿಸಿದೆ, ಹೊಡೆದು ಹಾಕಿದರು.

ಹೊಗಳಿದ್ದು ಸಾಕು. ರಾತ್ರಿ ಊಟಕ್ಕೆ ಇಲ್ಲಿಗೆ ಹೋಗಬೇಡಿ. ಮಧ್ಯಾಹ್ನದ ಪಲ್ಯವೇ ಬಿಸಿಯಾಗಿ ಬರುತ್ತದೆ, ರೊಟ್ಟಿ ಬಡಿಯುವವರಿಗೂ ಸುಸ್ತಾಗಿರುತ್ತದೆ, ಅದು ರೊಟ್ಟಿಯಲ್ಲಿ ಗೊತ್ತಾಗುತ್ತದೆ. ಚಪಾತಿ ಕೇಳಬೇಡಿ, ಚಪ್ಪಲಿ. ಸಾರು ಸುಮಾರು. ಇದನ್ನು ಮಂಡ್ಯದವಳ ಹೊಟ್ಟೆಕಿಚ್ಚು ಅಂದುಕೊಂಡರೂ ಪರವಾಗಿಲ್ಲ, ಆದರೆ ಸಾರು ಸುಮಾರೇ. ಕೈ ತೊಳೆಯುವ ಜಾಗದಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ, ಜಾರುತ್ತದೆ. ಮೂರು ವರ್ಷದಿಂದ ಹೇಳುತ್ತಿದ್ದೇನೆ, ಮೂರು ವರ್ಷದಿಂದ "ಮಾಡಸ್ತೀವ್ರಿ" ಅನ್ನುತ್ತಿದ್ದಾರೆ. ಟಾಯ್ಲೆಟ್ ಇಲ್ಲ. ಮೆಟ್ಟಿಲು ಎತ್ತರ, ಹಿಡಿದುಕೊಳ್ಳಲು ಏನೂ ಇಲ್ಲ, ನಮ್ಮ ಅತ್ತೆ ಬಂದಾಗ ಇಬ್ಬರು ಕೈ ಹಿಡಿಯಬೇಕಾಯಿತು. ಮೊದಲ ವಾರ ನನಗೆ ಹೊಟ್ಟೆ ಕೆಟ್ಟಿತ್ತು. ನೀರಿನದೋ ರಂಜಕದ್ದೋ ಗೊತ್ತಿಲ್ಲ, ಆವತ್ತಿನಿಂದ ಬಾಟಲಿ ನನ್ನದೇ.

ಒಂದು ದಿನ ಮಡಕಿಕಾಳಿಗೆ ಉಪ್ಪು ಸಿಕ್ಕಾಪಟ್ಟೆ ಬಿದ್ದಿತ್ತು. ಹುಡುಗನಿಗೆ ಹೇಳಿದೆ, ಅವನು ಒಳಗೆ ಹೇಳಿದ. ಒಳಗಿಂದ ಉತ್ತರ ಬಂತು: "ಹೌದ ತಂಗಿ, ಜಾಸ್ತಿ ಆಗೇತಿ. ಮೊಸರ ಹಚ್ಕೊಂಡ ಉಣ್ಣು." ಅಷ್ಟೇ. ಕ್ಷಮಿಸಿ ಇಲ್ಲ, ಬದಲಿ ಪಲ್ಯ ಇಲ್ಲ, ಬಿಲ್ಲಿನಲ್ಲಿ ಕಡಿಮೆ ಇಲ್ಲ. ಮೊಸರು ಮಾತ್ರ ಎರಡು ಬಟ್ಟಲು ಬಂತು. ಕೋಪ ಬಂದಿತ್ತು ನನಗೆ, ಸುಳ್ಳು ಯಾಕೆ ಹೇಳಲಿ. ಮೊಸರು ಹಚ್ಚಿಕೊಂಡು ಉಂಡೆ.

ರಜೆಯ ವಿಷಯ. ಭಾನುವಾರ ಇರುತ್ತದೆ, ಹಬ್ಬದಲ್ಲಿ ಇರುವುದಿಲ್ಲ. ಯಾವ ಹಬ್ಬ ಅನ್ನುವುದು ನಿಮ್ಮ ಮೊಬೈಲ್ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಹೋದ ಅಕ್ಟೋಬರಿನಲ್ಲಿ ಹಸಿದು ಹೋದರೆ ಬಾಗಿಲಿಗೆ ಸುಣ್ಣದ ಕಡ್ಡಿಯಲ್ಲಿ ಬರೆದಿತ್ತು: 'ಸೀಗಿ ಹುಣ್ಣಿವಿ. ಖಾನಾವಳಿ ಇಲ್ಲ.' ಮನೆ ಮಂದಿಯೆಲ್ಲ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಅರ್ಪಿಸಲು ಹೋಗಿದ್ದರು. ಗಿರಣಿಯವರು "ನಾಳೆ ಬರ್ರಿ ಅಕ್ಕಾರ" ಅಂದರು. ಅವತ್ತು ಬಾಳೆಹಣ್ಣು, ಗಿರ್ಮಿಟ್ಟು ತಿಂದು ಕ್ಯಾಶ್ ಕೌಂಟರಿನಲ್ಲಿ ಕೂತಿದ್ದೆ. ಮಾರನೇ ದಿನ ಹೋದರೆ ಕೇಳದೆಯೇ ತಾಟಿಗೆ ಎರಡು ಶೇಂಗಾ ಹೋಳಿಗೆ ಬಿದ್ದವು, ಗೀಟು ಮಾತ್ರ ಒಂದೇ.

ಪಾರ್ಸಲ್ ಕೊಡುತ್ತಾರೆ. ಆದರೆ ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಸಿಕೊಂಡರೆ ಬೆವರಿ ಹಾಳಾಗುತ್ತದೆ, ಡಬ್ಬಿಯನ್ನೂ ಒಂದು ತೆಳು ಬಟ್ಟೆಯನ್ನೂ ತೆಗೆದುಕೊಂಡು ಹೋಗಿ. ಊರಿಗೆ ಒಯ್ಯುವುದಾದರೆ ಖಡಕ್ ರೊಟ್ಟಿಯೇ ಸರಿ. ಹಿಂದಿನ ದಿನ ಹೇಳಬೇಕು, ಪಕ್ಕದ ಮನೆಯಲ್ಲಿ ಮಾಡಿಸಿ ಕೊಡುತ್ತಾರೆ. ನಾನು ಮಂಡ್ಯಕ್ಕೆ ಹೋಗುವಾಗಲೆಲ್ಲ ಇಪ್ಪತ್ತು ಒಯ್ಯುತ್ತೇನೆ. ರೈಲು ಇಳಿಯುವ ಹೊತ್ತಿಗೆ ಅರ್ಧ ಮುರಿದಿರುತ್ತವೆ. ಇಡೀ ರೊಟ್ಟಿಗಳು ಅತ್ತೆಗೆ, ಚೂರುಗಳು ಮಗನಿಗೆ. ಅವನು ಅದನ್ನು ಮುದ್ದೆಗೆ ಮಾಡಿದ ಬಸ್ಸಾರಿನಲ್ಲಿ ನೆನೆಸಿಕೊಂಡು ತಿನ್ನುತ್ತಾನೆ. ಅಕ್ಕಾರಿಗೆ ಇದನ್ನು ಇನ್ನೂ ಹೇಳಿಲ್ಲ.