ಪದದ ಜೊತೆಗೆ ವಾಕ್ಯವನ್ನೂ ಕಲಿಸುವ ನಿಘಂಟು: ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ

ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬರುವ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಪದಗಳೇ ಗೊತ್ತಿರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅರ್ಥ ಬರೆದುಕೊಂಡು ಬಾಯಿಪಾಠ ಮಾಡಿದ ಪದಗಳು ಅವರಲ್ಲಿ ಬೇಕಾದಷ್ಟಿರುತ್ತವೆ. ಆದರೆ ಅವುಗಳಲ್ಲಿ ಒಂದನ್ನು ವಾಕ್ಯದಲ್ಲಿ ಕೂರಿಸಬೇಕಾಗಿ ಬಂದಾಗ, ಅದರ ನಂತರ ಏನು ಬರಬೇಕು, ಏನು ಬರಕೂಡದು ಎಂಬುದು ತಿಳಿಯದೆ ಪೆನ್ನು ನಿಂತುಬಿಡುತ್ತದೆ. ಈ ತೊಡಕಿಗೆ ಪುಟಪುಟದಲ್ಲೂ ಉತ್ತರವಿರುವ ಪುಸ್ತಕವೆಂಬ ಕಾರಣಕ್ಕೆ ಈ ನಿಘಂಟಿನ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ. ನನ್ನ ಮುಂದಿರುವುದು 2020ರ ಹತ್ತನೆಯ ಆವೃತ್ತಿ. ಇದರ ಜಾಲತಾಣವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ಈ ಪುಸ್ತಕದ ನಿಜವಾದ ಬೆಲೆ ಏನೆಂದು ತಿಳಿಯಬೇಕಾದರೆ 'ಡಿಸ್ಕಸ್' ಎಂಬ ಪದವನ್ನು ತೆಗೆದು ನೋಡಬೇಕು. ನಾವು ಕನ್ನಡದಲ್ಲಿ ಒಂದು ವಿಷಯದ ಬಗ್ಗೆ ಚರ್ಚಿಸುತ್ತೇವೆ. ಆ 'ಬಗ್ಗೆ' ನಮ್ಮ ಮಕ್ಕಳ ಇಂಗ್ಲಿಷಿಗೂ ನುಸುಳಿ 'ಡಿಸ್ಕಸ್ ಅಬೌಟ್' ಆಗುತ್ತದೆ. ನಿಘಂಟು ಇಲ್ಲಿ ಅರ್ಥ ಹೇಳಿ ಸುಮ್ಮನಾಗುವುದಿಲ್ಲ. ಪದದ ಬದಲಿಗೆ ಒಂದು ಅಲೆಗೆರೆಯನ್ನು ಹಾಕಿ, ಅದರ ಪಕ್ಕದಲ್ಲಿಯೇ 'ಸಮ್‌ಥಿಂಗ್' ಎಂಬುದರ ಸಂಕ್ಷಿಪ್ತ ರೂಪವನ್ನು ಮುದ್ರಿಸಿ, ಈ ಕ್ರಿಯಾಪದದ ನಂತರ ಕರ್ಮ ನೇರವಾಗಿ ಬರುತ್ತದೆ, ನಡುವೆ ಬೇರೇನೂ ಬೇಡ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ಅದೂ ಸಾಲದೆಂಬಂತೆ, 'ಡಿಸ್ಕಸ್ ಅಬೌಟ್' ಎಂದು ಬರೆಯುವಂತಿಲ್ಲ ಎಂಬ ಎಚ್ಚರಿಕೆಯನ್ನೂ ಕೊಡುತ್ತದೆ. 'ಎಕ್ಸ್‌ಪ್ಲೇನ್' ಎಂಬಲ್ಲಿಯೂ ಹೀಗೆಯೇ. 'ನನಗೆ ವಿವರಿಸಿ' ಎಂಬುದನ್ನು ಇದ್ದಂತೆಯೇ ಎತ್ತಿಟ್ಟರೆ 'ಎಕ್ಸ್‌ಪ್ಲೇನ್ ಮಿ' ಆಗುತ್ತದೆ. ವಿವರಿಸಬೇಕಾದ ವಿಷಯ ಮೊದಲು, ಆಮೇಲೆ 'ಟು', ಅದಾದ ಮೇಲೆ ವ್ಯಕ್ತಿ ಎಂಬ ಕ್ರಮವನ್ನು ನಿಘಂಟು ಸ್ಪಷ್ಟವಾಗಿ ಕೊಡುತ್ತದೆ. ವಿದ್ಯಾರ್ಥಿಯು ಅರ್ಥದ ಸಾಲಿಗಿಂತ ಮೊದಲು ಈ ಮಾದರಿಯ ಸಾಲನ್ನು ಓದುವ ಅಭ್ಯಾಸ ಮಾಡಿಕೊಂಡರೆ, ಒಂದು ಪದವನ್ನು ಕಲಿಯುವಾಗಲೇ ಒಂದು ವಾಕ್ಯದ ಚೌಕಟ್ಟನ್ನೂ ಕಲಿತಂತಾಗುತ್ತದೆ.

ಈ ಗುಣ ಆಕಸ್ಮಿಕವಾಗಿ ಬಂದದ್ದಲ್ಲ. ಇದರ ಮೂಲ ಸಂಪಾದಕರಾದ ಎ. ಎಸ್. ಹಾರ್ನ್‌ಬಿ ಅವರು 1924ರಲ್ಲಿ ಇಂಗ್ಲಿಷ್ ಕಲಿಸಲೆಂದು ಜಪಾನಿಗೆ ಹೋದವರು. ಅಲ್ಲಿನ ವಿದ್ಯಾರ್ಥಿಗಳಿಗಾಗಿ ಗೇಟನ್‌ಬಿ ಮತ್ತು ವೇಕ್‌ಫೀಲ್ಡ್ ಅವರೊಂದಿಗೆ ಸೇರಿ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿಯೇ ಪ್ರಕಟವಾಯಿತು, 1948ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಅದನ್ನು ತನ್ನದಾಗಿ ಹೊರತಂದಿತು. ಜಪಾನಿ ಭಾಷೆಯಲ್ಲಿಯೂ ಕನ್ನಡದಂತೆಯೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಸಂಬಂಧ ಸೂಚಕಗಳು ನಾಮಪದದ ನಂತರ ಬಂದು ಸೇರುತ್ತವೆ. ಅಂಥ ಭಾಷೆಯಿಂದ ಇಂಗ್ಲಿಷಿಗೆ ಬರುವವರು ಎಲ್ಲಿ ಎಡವುತ್ತಾರೆ ಎಂಬುದನ್ನು ತರಗತಿಯಲ್ಲಿ ಕಂಡಿದ್ದ ಮೇಷ್ಟ್ರ ಪುಸ್ತಕವಾದ್ದರಿಂದಲೇ ಇದು ನಮ್ಮವರಿಗೂ ಇಷ್ಟು ಚೆನ್ನಾಗಿ ಒದಗಿಬರುತ್ತದೆ ಎಂಬುದು ನನ್ನ ನಂಬಿಕೆ. ಹಿಂದಿನ ಆವೃತ್ತಿಗಳಲ್ಲಿ ಕ್ರಿಯಾಪದದ ಮಾದರಿಗಳನ್ನು ಸಂಕೇತಗಳಲ್ಲಿ ಕೊಟ್ಟು, ಅವುಗಳ ವಿವರವನ್ನು ಬೇರೆ ಪಟ್ಟಿಯಲ್ಲಿ ಹುಡುಕುವಂತೆ ಮಾಡಲಾಗಿತ್ತು. ಈಗ ಅವೆಲ್ಲ ಪದದ ಪಕ್ಕದಲ್ಲಿಯೇ ಬಿಡಿಸಿ ಬರೆದಿರುವುದು ದೊಡ್ಡ ಉಪಕಾರ.

ಶಬ್ದಸಂಪತ್ತಿನ ವಿಷಯಕ್ಕೆ ಬಂದರೆ, ಮೊದಲು ಯಾವ ಪದ ಕಲಿಯಬೇಕು ಎಂಬ ಪ್ರಶ್ನೆಗೆ ಕಲಿಯುವವರಿಗೆ ಅತಿ ಮುಖ್ಯವಾದ 3000 ಪದಗಳನ್ನು ಆರಿಸಿ ಕೊಟ್ಟ 'ಆಕ್ಸ್‌ಫರ್ಡ್ 3000' ಎಂಬ ಪಟ್ಟಿ ಉತ್ತರ ಕೊಡುತ್ತದೆ. ಹತ್ತನೆಯ ಆವೃತ್ತಿಯಲ್ಲಿ ಈ ಪದಗಳಿಗೆ ಎ1ರಿಂದ ಬಿ2ವರೆಗಿನ ಹಂತಗಳನ್ನು (ಭಾಷಾ ಸಾಮರ್ಥ್ಯವನ್ನು ಅಳೆಯುವ ಯುರೋಪಿನ ಮಾನದಂಡದಲ್ಲಿ ಎ1 ತೀರಾ ಆರಂಭದ ಹಂತ, ಸಿ2 ಅತಿ ಮೇಲಿನದು) ನಮೂದಿಸಲಾಗಿದೆ; ಅದರ ಮೇಲೆ ಇನ್ನೂ 2000 ಪದಗಳನ್ನು ಸೇರಿಸಿದ 'ಆಕ್ಸ್‌ಫರ್ಡ್ 5000' ಪಟ್ಟಿ ಸಿ1 ಹಂತದವರೆಗೆ ಹೋಗುತ್ತದೆ. ಜಾಲತಾಣದಲ್ಲಿ ಈ ಪಟ್ಟಿಗಳನ್ನು ಹಂತಕ್ಕೆ ತಕ್ಕಂತೆ ಬೇರ್ಪಡಿಸಿ ನೋಡಬಹುದು. ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಲ್ಲಿ ಬರುವ ಅಪರೂಪದ ಪದಗಳನ್ನು ಉರು ಹೊಡೆಯುವುದಕ್ಕಿಂತ, ಎ2 ಮತ್ತು ಬಿ1 ಹಂತದ ಪದಗಳಲ್ಲಿ ತನಗೆ ಬಳಸಲು ಬಾರದವು ಯಾವುವು ಎಂದು ಗುರುತು ಹಾಕಿಕೊಳ್ಳುವುದು ಪಿಯುಸಿ ವಿದ್ಯಾರ್ಥಿಗೆ ಹೆಚ್ಚು ಪ್ರಯೋಜನಕಾರಿ ಎಂದು ಒತ್ತಿ ಹೇಳುತ್ತೇನೆ. ಎಣಿಸಬಹುದಾದ ಮತ್ತು ಎಣಿಸಲಾಗದ ನಾಮಪದಗಳ ಗುರುತೂ ಅಷ್ಟೇ ಮುಖ್ಯ. ನಮ್ಮಲ್ಲಿ ಸಲಹೆಗಳೂ ಇವೆ, ಮಾಹಿತಿಗಳೂ ಇವೆ; ಇಂಗ್ಲಿಷಿನ 'ಅಡ್ವೈಸ್', 'ಇನ್ಫರ್ಮೇಶನ್' ಪದಗಳಿಗೆ ಬಹುವಚನದ 'ಎಸ್' ಹತ್ತುವುದಿಲ್ಲ ಎಂಬುದನ್ನು ಒಂದು ಸಣ್ಣ ಅಕ್ಷರ ನೆನಪಿಸುತ್ತದೆ.

ಉಚ್ಚಾರಣೆಯನ್ನು ಅಂತರರಾಷ್ಟ್ರೀಯ ಧ್ವನಿ ಲಿಪಿಯಲ್ಲಿ ಕೊಟ್ಟಿರುವುದರಿಂದ ಆರಂಭದಲ್ಲಿ ಕಷ್ಟವೆನಿಸುತ್ತದೆ. ಜಾಲತಾಣದಲ್ಲಿ ನೀಲಿ ಗುರುತನ್ನು ಒತ್ತಿದರೆ ಬ್ರಿಟಿಷ್, ಕೆಂಪು ಗುರುತನ್ನು ಒತ್ತಿದರೆ ಅಮೆರಿಕನ್ ಉಚ್ಚಾರಣೆ ಕೇಳುತ್ತದೆ.

ಕೊರತೆಗಳನ್ನೂ ಹೇಳಬೇಕು. ಇದರಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ವಿವರಣೆಗಳ ಇಂಗ್ಲಿಷ್ ಸರಳವಾಗಿಯೇ ಇದ್ದರೂ, ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಒಂದು ಪದದ ಅರ್ಥ ತಿಳಿಯಲು ಹೋಗಿ ವಿವರಣೆಯಲ್ಲಿನ ಮತ್ತೆರಡು ಪದಗಳಲ್ಲಿ ಸಿಕ್ಕಿಕೊಂಡು ಬೇಸತ್ತು ಮುಚ್ಚಿಡುವ ಸಾಧ್ಯತೆ ಇದೆ. ಅಂಥವರು ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಅರ್ಥವನ್ನು ಅದರಲ್ಲಿಯೂ ಬಳಕೆಯನ್ನು ಇದರಲ್ಲಿಯೂ ನೋಡುವುದು ಒಳ್ಳೆಯದು. ಇನ್ನು, ಪರೀಕ್ಷೆಯಲ್ಲಿ ಕೇಳುವ ಸಾಮಾನ್ಯ, ಸಂಯೋಜಿತ, ಮಿಶ್ರ ವಾಕ್ಯಗಳ ಪರಿವರ್ತನೆಯಾಗಲಿ, ಕರ್ತರಿ–ಕರ್ಮಣಿ ಪ್ರಯೋಗದ ಅಭ್ಯಾಸವಾಗಲಿ ನಿಘಂಟಿನಲ್ಲಿ ಸಿಗುವುದಿಲ್ಲ. ಅದಕ್ಕೆ ವ್ಯಾಕರಣ ಪುಸ್ತಕವೇ ಬೇಕು. ಆದರೆ ಒಂದು ಮಾತು: ಮಿಶ್ರ ವಾಕ್ಯದ ಲಕ್ಷಣವನ್ನು ಒಪ್ಪಿಸಬಲ್ಲ ವಿದ್ಯಾರ್ಥಿಗೂ, 'ಸಜೆಸ್ಟ್' ಪದದ ನಂತರ 'ದ್ಯಾಟ್' ಸೇರಿಸಿ ಒಂದು ಉಪವಾಕ್ಯವನ್ನು ತರಬಹುದು, 'ಐಎನ್‌ಜಿ' ರೂಪವನ್ನೂ ತರಬಹುದು, ಆದರೆ 'ಸಜೆಸ್ಟೆಡ್ ಮಿ ಟು ಗೋ' ಎನ್ನಲಾಗದು ಎಂಬುದು ತಿಳಿದಿರುವುದಿಲ್ಲ. ಲಕ್ಷಣ ಕಲಿಸುವ ಪುಸ್ತಕಗಳು ನಮ್ಮ ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಒಂದೊಂದು ಕ್ರಿಯಾಪದದ ನಡೆಯನ್ನೂ ಹೀಗೆ ಹಿಡಿದು ತೋರಿಸುವ ಪುಸ್ತಕಗಳು ವಿರಳ.

ಪುಸ್ತಕದ ಗಾತ್ರ ದೊಡ್ಡದು, ಅಕ್ಷರ ಸಣ್ಣದು, ಬೆಲೆಯೂ ವಿದ್ಯಾರ್ಥಿಯ ಜೇಬಿಗೆ ಭಾರವೇ. ಹೊಸದನ್ನು ಕೊಳ್ಳಲಾಗದವರು ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಹಳೆಯ ಪ್ರತಿಗಾಗಿ ಹುಡುಕಬಹುದು. 2010ರ ಎಂಟನೆಯ ಅಥವಾ 2015ರ ಒಂಬತ್ತನೆಯ ಆವೃತ್ತಿ ಸಿಕ್ಕರೂ ಹಿಂಜರಿಯಬೇಕಿಲ್ಲ; ಪದಗಳ ಹಂತದ ಗುರುತುಗಳು ಅವುಗಳಲ್ಲಿ ಇರುವುದಿಲ್ಲವಾದರೂ ಕ್ರಿಯಾಪದದ ಮಾದರಿಗಳು ಮತ್ತು ಉದಾಹರಣೆಗಳು ಇದ್ದೇ ಇರುತ್ತವೆ. ಮೊಬೈಲ್ ಇರುವ ವಿದ್ಯಾರ್ಥಿಗೆ ಜಾಲತಾಣವೊಂದೇ ಸಾಕು. ಮೊಬೈಲನ್ನು ಒಳಗೆ ಬಿಡದ ಶಾಲೆ, ಕಾಲೇಜುಗಳ ಗ್ರಂಥಾಲಯದಲ್ಲಿ ಮಾತ್ರ ಮುದ್ರಿತ ಪ್ರತಿ ಇರಲೇಬೇಕು, ಅದನ್ನು ಬೀಗ ಹಾಕಿದ ಕಪಾಟಿನಲ್ಲಿಡದೆ ಓದುವ ಮೇಜಿನ ಮೇಲೆಯೇ ಇಡಬೇಕು.