ಎರಡು ಲಿಪಿಗೆ ಒಂದೇ ಬೆರಳ ರೂಢಿ: ಇನ್‌ಸ್ಕ್ರಿಪ್ಟ್ ಕೀಬೋರ್ಡ್

ಅನುವಾದ ನನ್ನ ಕೆಲಸ. ದಿನವಿಡೀ ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಟೈಪ್ ಮಾಡಬೇಕು. ವಿಂಡೋಸ್‌ನಲ್ಲೇ ಸಿಗುವ ಇನ್‌ಸ್ಕ್ರಿಪ್ಟ್ ಕೀಬೋರ್ಡ್, ಅಂದರೆ ಭಾರತೀಯ ಲಿಪಿಗಳಿಗೆಂದು ಮಾಡಿದ ಕೀಲಿ ಜೋಡಣೆ, ಈಗ ಕೈಗೆ ಚೆನ್ನಾಗಿ ಒಗ್ಗಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಸೇರಿಸಿದರೆ ಆಯಿತು. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಅಕ್ಷರಗಳ ಜೋಡಣೆ. ಹೆಚ್ಚಿನ ಸ್ವರಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ. ಇಂಗ್ಲಿಷ್‌ನ ಕೆ ಇರುವ ಕಡೆ ‘ಕ’, ಶಿಫ್ಟ್ ಹಿಡಿದರೆ ‘ಖ’. ಹಿಂದಿಗೂ ಅದೇ ಜಾಗ. ಒಂದರಲ್ಲಿ ಬೆರಳು ಪಳಗಿದರೆ ಇನ್ನೊಂದೂ ಬಂದ ಹಾಗೆಯೇ, ಅಲ್ವಾ?

‘ಕ್ರ’ ಬೇಕಾದರೆ ಕೆ, ಡಿ, ಜೆ. ಡಿ ಒತ್ತಿದಾಗ ‘ಕ್’ ಆಗಿ ನಿಲ್ಲುತ್ತದೆ, ‘ರ’ ಇರುವ ಜೆ ಒತ್ತಿದ ಕೂಡಲೇ ಒತ್ತಕ್ಷರ ಕೆಳಗೆ ಬಂದು ಕೂರುತ್ತದೆ. ಅದನ್ನೇ ತಿರುಗಿಸಿ ಜೆ, ಡಿ, ಕೆ ಒತ್ತಿ ನೋಡಿ, ಅರ್ಕಾವತ್ತಿನ ‘ರ್ಕ’ ಸಿದ್ಧ. ಮೊದಲ ಸಲ ಇದನ್ನು ಕಂಡಾಗ ನಿಜವಾಗಿಯೂ ಖುಷಿಯಾಯಿತು.

ಶುರುವಿನ ಎರಡು ವಾರ ಮಾತ್ರ ಕಷ್ಟ. ಅಕ್ಷರ ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಪರದೆ ಮೇಲಿನ ಕೀಬೋರ್ಡ್ ತೆರೆದಿಟ್ಟುಕೊಂಡು ದಿನಕ್ಕೆ ಅರ್ಧ ಗಂಟೆ ಕೂತೆ. ಮೂರನೇ ವಾರಕ್ಕೆ ಅದನ್ನು ಮುಚ್ಚಿದೆ.